ಹಾಸಿಗೆಯಿಂದ ಹವಳಕ್ಕೆ ಎಷ್ಟು ಹೆಜ್ಜೆ?

ಕೆರಿಬಿಯನ್ ಎಂದೊಡನೆ ನಮ್ಮ ಮನಸ್ಸಿನಲ್ಲಿ ಬಿಚ್ಚಿಕೊಳ್ಳುವುದು ಕ್ರಿಕೆಟ್ಟಿನ ನಕಾಶೆ. ಪೋರ್ಟ್ ಆಫ್ ಸ್ಪೇನ್, ಬ್ರಿಜ್‌ಟೌನ್, ಕಿಂಗ್‌ಸ್ಟನ್ ಎಂಬ ಹೆಸರುಗಳನ್ನು ನಡುರಾತ್ರಿಯ ರೇಡಿಯೊ ಕಾಮೆಂಟರಿಯಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಸ್ಕೂಬಾ ಡೈವಿಂಗ್ ಮಾಡುವವರ ನಕಾಶೆಯೇ ಬೇರೆ. ಅದರಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಬೊನೇರ್, ಕೊಜುಮೆಲ್, ಲಿಟಲ್ ಕೇಮನ್, ರೊಆಟಾನ್, ಸಾಬಾ. ಒಂದೂ ಟೆಸ್ಟ್ ಪಂದ್ಯ ನಡೆದ ನೆಲವಲ್ಲ. ಮದುವೆಯ ಹೊಸತರಲ್ಲಿ ಇಬ್ಬರೂ ಕೂಡಿ ನೀರಿಗಿಳಿಯಬೇಕು ಎಂದು ಆಸೆಪಟ್ಟ ಜೋಡಿ ಮೊದಲು ಬಿಡಿಸಿಕೊಳ್ಳಬೇಕಾದದ್ದು ಈ ಎರಡನೆಯ ನಕಾಶೆ.

ಇಂಥ ಜೋಡಿಗಳು ಈಗ ಅಪರೂಪವಲ್ಲ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮೊದಲ ಸಲ ನೀರಿನಡಿ ಉಸಿರಾಡಿದವರು, ಅಂಡಮಾನಿನಲ್ಲಿ ಕೋರ್ಸ್ ಮುಗಿಸಿ ಕಾರ್ಡ್ ಪಡೆದವರು, ಹ್ಯೂಸ್ಟನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಕೆಲಸದಲ್ಲಿದ್ದು ಊರಿಗೆ ಬಂದು ತಾಳಿ ಕಟ್ಟಿ ಹೋಗುವವರು ನಮ್ಮ ಸುತ್ತಲೇ ಇದ್ದಾರೆ. ಅಮೆರಿಕದಲ್ಲಿರುವವರಿಗೆ ಈ ದ್ವೀಪಗಳು ಕೆಲವೇ ಗಂಟೆಗಳ ವಿಮಾನ. ಬೆಂಗಳೂರಿನಿಂದ ಹೊರಟರೆ ಆಮ್‌ಸ್ಟರ್‌ಡ್ಯಾಮ್ ಸುತ್ತಿ ಹೋಗುವ ದೀರ್ಘ ಪಯಣ. ಅಷ್ಟು ದೂರ ಹೋದ ಮೇಲೆ ತಂಗುವ ಜಾಗ ತಪ್ಪಾಯಿತೆಂದರೆ ಸರಿಪಡಿಸಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.

ತಪ್ಪುವುದು ಸಾಮಾನ್ಯವಾಗಿ ಚಿತ್ರಗಳಿಂದ. ಹಿಟ್ಟಿನಂಥ ಬಿಳಿ ಮರಳು, ಬಾಗಿದ ತೆಂಗಿನ ಮರ, ನೀರಿನ ಅಂಚಿನಲ್ಲೇ ಮಂಚ. ಟರ್ಕ್ಸ್ ಆ್ಯಂಡ್ ಕೇಕೋಸ್ ದ್ವೀಪಗಳ ಗ್ರೇಸ್ ಬೇ ಅಂಥದ್ದು, ಜಗತ್ತಿನ ಚೆಂದದ ಕಡಲತೀರಗಳಲ್ಲಿ ಒಂದು. ಆದರೆ ಅಲ್ಲಿಯ ಹೆಸರಾಂತ ಡೈವ್ ತಾಣಗಳಿರುವುದು ನಾರ್ತ್‌ವೆಸ್ಟ್ ಪಾಯಿಂಟ್ ಮತ್ತು ವೆಸ್ಟ್ ಕೇಕೋಸ್ ಬಳಿ. ದಿನವೂ ಬೆಳಿಗ್ಗೆ ಹೋಟೆಲಿನಿಂದ ವ್ಯಾನು, ವ್ಯಾನಿನಿಂದ ದೋಣಿ, ದೋಣಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ. ಎರಡು ಡೈವ್ ಮುಗಿಸಿ ಮರಳುವಾಗ ಹಗಲು ಅರ್ಧ ಕಳೆದಿರುತ್ತದೆ. ದುಡ್ಡು ಸುರಿದು ಪಡೆದ ಆ ಕಿಟಕಿಯ ನೋಟವನ್ನು ನೋಡುವವರು ಯಾರು? ಮರಳು ಮುಖ್ಯವಾದವರಿಗೆ ಗ್ರೇಸ್ ಬೇ ಸರಿಯೇ. ಹವಳ ಮುಖ್ಯವಾದವರು ಆಯ್ಕೆಯನ್ನು ನೀರಿನಡಿಯಿಂದ ಶುರುಮಾಡಬೇಕು. ನೀರಿಗೆ ಇಳಿಯುವ ಬಗೆ ಹೇಗೆ, ಯಾರ ಗಡಿಯಾರದ ಪ್ರಕಾರ, ಎಷ್ಟು ಜನರ ಜೊತೆ ಎಂಬುದು ಗೊತ್ತಾದರೆ ಇಬ್ಬರೂ ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದೂ ಗೊತ್ತಾದಂತೆ. ಕೋಣೆಯ ವಿಷಯ ಆಮೇಲೆ.

ಕೆರಿಬಿಯನ್‌ನಲ್ಲಿ ವರ್ಷದ ಬಹುಕಾಲ ಪೂರ್ವದಿಂದ ವ್ಯಾಪಾರ ಮಾರುತ ಬೀಸುತ್ತದೆ. ಹಾಗಾಗಿ ಬಹುತೇಕ ದ್ವೀಪಗಳ ಪೂರ್ವ ದಂಡೆಗೆ ಅಲೆಗಳು ಅಪ್ಪಳಿಸುತ್ತಲೇ ಇರುತ್ತವೆ, ಪಶ್ಚಿಮದ ಮರೆಯಲ್ಲಿ ನೀರು ತಣ್ಣಗೆ ಮಲಗಿರುತ್ತದೆ. ಡೈವಿಂಗ್ ನಡೆಯುವುದು ಹೆಚ್ಚಾಗಿ ಆ ಮರೆಯಲ್ಲಿ. ದ್ವೀಪದ ಹೆಸರು ನೋಡಿ ಮುಗಿಸದೆ ಹೋಟೆಲು ಅದರ ಯಾವ ಮಗ್ಗುಲಲ್ಲಿದೆ ಎಂದು ನೋಡಬೇಕಾದದ್ದು ಇದಕ್ಕೇ. ಇನ್ನೊಂದು ಸಂಗತಿ ಮಳೆ. ನೆಲ ಎಷ್ಟು ಹಸಿರೋ, ನದಿ ಎಷ್ಟು ತುಂಬಿ ಹರಿಯುತ್ತದೋ, ದಡದ ನೀರು ಅಷ್ಟು ಕದಡುತ್ತದೆ. ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಹೊಳೆಗಳು ಮಣ್ಣು ಹೊತ್ತು ತಂದು ಸುರಿಯುವುದರಿಂದಲೇ ನೇತ್ರಾಣಿಯ ಡೈವಿಂಗಿಗೆ ಚಳಿಗಾಲ ಕಾಯಬೇಕು. ಟ್ರಿನಿಡಾಡ್ ಸುತ್ತ ಒರಿನೊಕೊ ನದಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಅದಕ್ಕೆ ವಿರುದ್ಧವಾಗಿ, ವೆನೆಜುವೆಲಾದ ಉತ್ತರಕ್ಕಿರುವ ಬೊನೇರ್‌ನಲ್ಲಿ ನದಿಯೇ ಇಲ್ಲ. ಕಳ್ಳಿ, ಮುಳ್ಳಿನ ಕುರುಚಲು, ಅಲೆದಾಡುವ ಕತ್ತೆಗಳು, ಉಪ್ಪಿನ ಗದ್ದೆಗಳು. ಚಿತ್ರದಲ್ಲಿ ನೋಡಿದರೆ ಹನಿಮೂನಿಗೆ ಯಾರೂ ಆರಿಸದ ಒಣ ನೆಲ. ಆ ಒಣತನದಿಂದಲೇ ಅದರ ನೀರು ತಿಳಿಯಾಗಿದೆ.

ಇಬ್ಬರಿಗೂ ಡೈವಿಂಗ್ ಬರುತ್ತದೆ ಎಂದಾದರೆ ನಾನು ಹಿಂದೆ ಮುಂದೆ ನೋಡದೆ ಹೇಳುವ ಹೆಸರು ಬೊನೇರ್. ಕಾರಣ, ಅಲ್ಲಿ ದೋಣಿಗಾಗಿ ಕಾಯಬೇಕಿಲ್ಲ. ಪಶ್ಚಿಮ ದಂಡೆಯುದ್ದಕ್ಕೂ ರಸ್ತೆ ಇದೆ. ಡೈವ್ ತಾಣ ಎಲ್ಲಿದೆಯೋ ಅಲ್ಲಿ ರಸ್ತೆಯಂಚಿನಲ್ಲಿ ಹಳದಿ ಬಣ್ಣ ಬಳಿದ ಕಲ್ಲು, ಮೇಲೆ ತಾಣದ ಹೆಸರು. ಪಿಕಪ್ ಗಾಡಿಯ ಹಿಂದೆ ಟ್ಯಾಂಕುಗಳನ್ನು ಹಾಕಿಕೊಂಡು ಹೊರಟರೆ ಬೇಕೆನಿಸಿದ ಕಲ್ಲಿನ ಬಳಿ ನಿಲ್ಲಿಸಿ ನೀರಿಗೆ ನಡೆದು ಹೋಗುವುದು. ಸ್ವಲ್ಪ ಈಜಿದರೆ ಹವಳದ ಇಳಿಜಾರು. ಈ ಪುಟ್ಟ ದ್ವೀಪ ಮತ್ತು ಅದರ ಮಡಿಲಲ್ಲಿರುವ ನಿರ್ಜನ ಕ್ಲೈನ್ ಬೊನೇರ್ ಸುತ್ತ ಡೈವ್ ತಾಣಗಳು 80ಕ್ಕೂ ಹೆಚ್ಚು. ತಂಗುವ ಜಾಗಗಳೂ ಇದಕ್ಕೆ ತಕ್ಕಂತೆ ರೂಪುಗೊಂಡಿವೆ. ಕೋಣೆ, ಪಿಕಪ್ ಮತ್ತು ಬೇಕಾದಷ್ಟು ಟ್ಯಾಂಕು ಸೇರಿಸಿ ಒಂದೇ ದರಕ್ಕೆ ಕೊಡುವ ಪ್ಯಾಕೇಜು ಅಲ್ಲಿ ಮಾಮೂಲು. ಹೋಟೆಲಿನ ಮುಂದೆಯೇ ಜೆಟ್ಟಿ, ಜೆಟ್ಟಿಯ ಕೆಳಗೆಯೇ ಹವಳದ ದಿಬ್ಬ ಇರುವ ಜಾಗಗಳೂ ಇವೆ. ಅಲ್ಲಿ ಉಳಿದುಕೊಂಡವರು ರಾತ್ರಿ ಊಟಕ್ಕೆ ಮುಂಚೆ ಟಾರ್ಚು ಹಿಡಿದು ಇಳಿದು ಬರಬಹುದು.

ಡೈವಿಂಗಿನಲ್ಲಿ ಸಾಮಾನ್ಯವಾಗಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಬಡ್ಡಿ ಎಂಬ ಜೊತೆಗಾರ ಇರಲೇಬೇಕು. ಇಳಿಯುವ ಮುಂಚೆ ಒಬ್ಬರ ಗಾಳಿ ಇನ್ನೊಬ್ಬರು ನೋಡಬೇಕು, ಪಟ್ಟಿ ಎಳೆದು ನೋಡಬೇಕು, ಕೆಳಗೆ ಕೈಸನ್ನೆಯಲ್ಲೇ ಎಲ್ಲ ಮಾತು. ಮಾರ್ಗದರ್ಶಿಯ ಹಿಂದೆ ಹತ್ತು ಜನರ ಸಾಲಿನಲ್ಲಿ ಹೋದರೆ ಈ ನಂಟು ಹೆಸರಿಗಷ್ಟೇ ಉಳಿಯುತ್ತದೆ. ಬೊನೇರ್‌ನ ದಡದಿಂದ ಇಬ್ಬರೇ ಇಳಿದಾಗ ಯಾವ ಕಡೆ ಹೋಗಬೇಕು, ಎಷ್ಟು ಆಳ, ಯಾವಾಗ ತಿರುಗಬೇಕು ಎಂಬುದೆಲ್ಲ ಇಬ್ಬರ ತೀರ್ಮಾನ. ಹೊಸದಾಗಿ ಮದುವೆಯಾದವರಿಗೆ ಇದಕ್ಕಿಂತ ಒಳ್ಳೆಯ ಏಕಾಂತವನ್ನು ಯಾವ ಹೋಟೆಲೂ ಕೊಡಲಾರದು ಎಂದು ನನ್ನ ನಂಬಿಕೆ. ಅದೇ ಕಾರಣಕ್ಕೆ ಇಬ್ಬರಲ್ಲಿ ಒಬ್ಬರಿಗೆ ಅಳುಕಿದ್ದರೆ ಮೊದಲೆರಡು ದಿನ ಮಾರ್ಗದರ್ಶಿಯನ್ನು ಕರೆದುಕೊಳ್ಳಬೇಕು. ಇಬ್ಬರೇ ಇರುವಾಗ ಒಬ್ಬರ ಗಾಬರಿಯನ್ನು ಸಂಭಾಳಿಸಲು ಇನ್ನೊಬ್ಬರೇ ಇರುವುದು.

ಈ ವ್ಯವಸ್ಥೆ ತಾನಾಗಿ ಹುಟ್ಟಲಿಲ್ಲ. ಡಾನ್ ಸ್ಟೂವರ್ಟ್ ಎಂಬ ಅಮೆರಿಕನ್ 1962ರಲ್ಲಿ ಹಡಗಿನಲ್ಲಿ ಬೊನೇರ್‌ಗೆ ಬಂದು ಅಲ್ಲೇ ಉಳಿದ. ಎಲ್ಲರೂ ಅವನನ್ನು ಕ್ಯಾಪ್ಟನ್ ಡಾನ್ ಎಂದರು. ಮೊದಮೊದಲು ತಾನೂ ಮೀನುಗಳನ್ನು ಹಿಡಿದು ಮಾರಿದವನು ಮುಂದೆ ಹವಳದ ಕಾವಲುಗಾರನಾದ, ದೋಣಿಗಳು ಲಂಗರು ಎಸೆಯದಂತೆ ಕಾಯಂ ತೇಲುಬುರುಡೆಗಳನ್ನು ಕಟ್ಟಿಸಲು ದುಡಿದ, 1976ರಲ್ಲಿ ಡೈವರ್‌ಗಳಿಗೆಂದೇ ಹೋಟೆಲ್ ತೆರೆದ. ಈಟಿಯಿಂದ ಮೀನು ಚುಚ್ಚುವುದನ್ನು ದ್ವೀಪ 1971ರಲ್ಲೇ ನಿಷೇಧಿಸಿತ್ತು. 1979ರಲ್ಲಿ ಸುತ್ತಲಿನ ಸಮುದ್ರವಿಡೀ, ದಡದಿಂದ 60 ಮೀಟರ್ ಆಳದವರೆಗೆ, ಸಂರಕ್ಷಿತ ಉದ್ಯಾನವಾಯಿತು. ಇಂದು ನೀರಿಗಿಳಿಯುವವರೆಲ್ಲ ನಿಸರ್ಗ ಶುಲ್ಕ ಕಟ್ಟಬೇಕು. ಮೊದಲ ಡೈವ್‌ಗೆ ಮುನ್ನ ನಿಯಮಗಳನ್ನು ಕೇಳಿಸಿಕೊಂಡು, ನೀರಿನಲ್ಲಿ ಸಮತೋಲನ ಕಾಯ್ದುಕೊಳ್ಳಬಲ್ಲೆವು ಎಂದು ತೋರಿಸಬೇಕು. ಕೈಗವಸು ಹಾಕುವಂತಿಲ್ಲ, ಏಕೆಂದರೆ ಗವಸು ಹಾಕಿದವರ ಕೈ ಹವಳದ ಮೇಲೆ ಹೋಗುತ್ತದೆ.

ತೊಡಕುಗಳನ್ನೂ ಹೇಳಬೇಕು. ಮರಳಿನ ತೀರ ಬೊನೇರ್‌ನಲ್ಲಿ ಅಷ್ಟಾಗಿ ಇಲ್ಲ. ನೀರಿಗಿಳಿಯುವ ಕಡೆ ಹೆಚ್ಚಾಗಿ ಸತ್ತ ಹವಳದ ತುಂಡುಗಳು, ಜಾರುವ ಕಲ್ಲು. ಗಟ್ಟಿ ಅಟ್ಟೆಯ ಬೂಟು ಇಲ್ಲದೆ ಆಗುವುದಿಲ್ಲ. ಥೌಸಂಡ್ ಸ್ಟೆಪ್ಸ್ ಎಂಬ ತಾಣದಲ್ಲಿ ಮೆಟ್ಟಿಲಿರುವುದು ಎಪ್ಪತ್ತರ ಆಸುಪಾಸು, ಆದರೆ ಬೆನ್ನ ಮೇಲೆ ಟ್ಯಾಂಕು ಹೊತ್ತು ಹತ್ತುವಾಗ ಹೆಸರು ಸುಳ್ಳೆನಿಸುವುದಿಲ್ಲ. ನಿಲ್ಲಿಸಿ ಹೋದ ಗಾಡಿಯಲ್ಲಿ ಫೋನು, ದುಡ್ಡು ಇಡಬಾರದು, ಕಳ್ಳತನ ಆಗುತ್ತದೆ. ಇನ್ನೊಂದು ತೊಡಕು ಆಳದ್ದು. ಹಿಲ್ಮಾ ಹುಕರ್ ಎಂಬ 72 ಮೀಟರ್ ಉದ್ದದ ಹಡಗಿನಲ್ಲಿ ಗಾಂಜಾ ಸಿಕ್ಕಿ, ಅದು 1984ರ ಸೆಪ್ಟೆಂಬರಿನಲ್ಲಿ ಮುಳುಗಿ, ಈಗ ಸುಮಾರು 30 ಮೀಟರ್ ಆಳದಲ್ಲಿ ಮಗ್ಗುಲಾಗಿ ಮಲಗಿದೆ. ಓಪನ್ ವಾಟರ್ ಎಂಬ ಮೊದಲ ಹಂತದ ಕಾರ್ಡ್ ಮಾತ್ರ ಇರುವವರ ಮಿತಿ 18 ಮೀಟರ್. ಆ ಹಡಗಿನ ಆಸೆ ಇದ್ದವರು ಊರಲ್ಲೇ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿಕೊಂಡು ಹೋಗಬೇಕು.

ಊಟದ ಮಾತು ಬರಬೇಕಾದ ಜಾಗ ಇದೇ. ಬೊನೇರ್‌ನಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟುಗಳು ಧಾರಾಳ. ಸಸ್ಯಾಹಾರಿಗಳಿಗೆ ಇದು ದೊಡ್ಡ ಆಸರೆ. ಆಡಿನ ಮಾಂಸದ ಸಾರು ಮತ್ತು ಮೀನೇ ಪ್ರಧಾನವಾದ ದ್ವೀಪದಲ್ಲಿ ದಿನವೂ ಹೋಟೆಲಿನವರಿಗೆ ಬಿಡಿಸಿ ಹೇಳುವ ಬದಲು, ಕ್ರಾಲೆಂಡೈಕ್ ಪಟ್ಟಣದ ಅಂಗಡಿಯಿಂದ ತರಕಾರಿ ತಂದು ಒಗ್ಗರಣೆ ಹಾಕಿಕೊಂಡರೆ ಮುಗಿಯಿತು. ಡೈವ್ ಮುಗಿಸಿ ಬಂದಾಗಿನ ಹಸಿವು ಸಾಮಾನ್ಯದ್ದಲ್ಲ. ಒಂದು ಪೊಟ್ಟಣ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ ಬ್ಯಾಗಿನಲ್ಲಿ ಹೆಚ್ಚಾಗುವುದಿಲ್ಲ.

ಇನ್ನು ಕಾಲ. ಅಟ್ಲಾಂಟಿಕ್‌ನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ, ಅಬ್ಬರ ಹೆಚ್ಚು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮ ಮದುವೆಗಳು ನಡೆಯುವುದು ಪಂಚಾಂಗ ನೋಡಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆಯ್ಕೆ ಎಷ್ಟೋ ಹಗುರವಾಗುತ್ತದೆ. ಸಂಕ್ರಾಂತಿಯ ನಂತರ ಮಾಘ, ಫಾಲ್ಗುಣದಲ್ಲಿ ಮದುವೆಯಾದವರಿಗೆ ಬಹುತೇಕ ಇಡೀ ಕೆರಿಬಿಯನ್ ತೆರೆದಿರುತ್ತದೆ, ದರ ಮಾತ್ರ ತುದಿಯಲ್ಲಿರುತ್ತದೆ. ವೈಶಾಖದವರಿಗೆ ಮೇ ತಿಂಗಳು ಒಳ್ಳೆಯದು, ಜನಜಂಗುಳಿ ಕರಗಿರುತ್ತದೆ. ಜ್ಯೇಷ್ಠದಲ್ಲಿ ತಾಳಿ ಕಟ್ಟಿ, ಆಷಾಢದಲ್ಲಿ ಮದುಮಗಳು ತವರಿಗೆ ಹೋಗಿ, ಶ್ರಾವಣ ಬಂದ ಮೇಲೆ ಹೊರಡೋಣ ಎನ್ನುವ ಜೋಡಿ ಎಚ್ಚರವಾಗಿರಬೇಕು. ಆ ಹೊತ್ತಿಗೆ ಬಿರುಗಾಳಿಗಳು ಎದ್ದಿರುತ್ತವೆ. 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಕೊಜುಮೆಲ್ ಮೇಲೆ ನಿಂತು ಆಳ ಕಡಿಮೆ ಇರುವೆಡೆಯ ಹವಳವನ್ನು ಕಿತ್ತುಹಾಕಿತು. 2017ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ಇರ್ಮಾ ಬಾರ್ಬುಡಾ, ಸೇಂಟ್ ಮಾರ್ಟಿನ್‌ಗಳನ್ನೂ ಮರಿಯಾ ಡೊಮಿನಿಕಾವನ್ನೂ ನುಚ್ಚುನೂರು ಮಾಡಿದವು. ಶ್ರಾವಣದ ನಂತರ ಹೊರಡುವವರಿಗೆ ಉಳಿಯುವ ದಾರಿ ದಕ್ಷಿಣದ ಅರುಬಾ, ಬೊನೇರ್, ಕ್ಯುರಸಾವ್. ಚಂಡಮಾರುತಗಳ ಮಾಮೂಲು ಹಾದಿಗಿಂತ ಕೆಳಗಿರುವ ಈ ಮೂರಕ್ಕೆ ಬಿರುಗಾಳಿ ನೇರವಾಗಿ ಎರಗುವುದು ತೀರ ಅಪರೂಪ.

ಇಬ್ಬರೂ ಸಮಸಮ ಡೈವರ್‌ಗಳಾಗಿರುವ ಜೋಡಿಗಳಿಗಿಂತ ಒಬ್ಬರು ಪಳಗಿ ಇನ್ನೊಬ್ಬರು ಹೊಸಬರಾಗಿರುವ ಜೋಡಿಗಳೇ ಹೆಚ್ಚು. ಇಲ್ಲಿ ಒಂದು ಅನ್ಯಾಯ ನಡೆಯುವುದನ್ನು ನೋಡಿ ಬೇಸರವಾಗುತ್ತದೆ. ಪಳಗಿದವರು ತಮ್ಮ ಕನಸಿನ ಜಾಗ ಆರಿಸುತ್ತಾರೆ. ಹೊಸಬರು ದೋಣಿಯಲ್ಲಿ ವಾಂತಿ ಮಾಡಿಕೊಂಡೋ, ಕೋಣೆಯಲ್ಲಿ ಒಬ್ಬರೇ ಕುಳಿತೋ ದಿನ ಕಳೆಯುತ್ತಾರೆ. ಹನಿಮೂನಿನಲ್ಲಿ ಕಡಿಮೆ ಡೈವ್ ಮಾಡುವವರೇ ಜಾಗ ಆರಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಂಥವರಿಗೆ ನನ್ನ ಮನಸ್ಸಿಗೆ ಬರುವುದು ಸೇಂಟ್ ಲೂಸಿಯಾದ ಸೂಫ್ರಿಯೇರ್. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಿಟನ್ ಶಿಖರಗಳೆರಡು ಅಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದಿವೆ. ಪಕ್ಕದ ಆನ್ಸ್ ಶಾಸ್ಟನೆ ಕೊಲ್ಲಿಯಲ್ಲಿ ಮರಳಿನಿಂದ ಕೆಲವೇ ಮೀಟರ್ ದಾಟಿದರೆ ಹವಳ. ಮರಳು ಜ್ವಾಲಾಮುಖಿಯದ್ದು, ಕಪ್ಪು ಛಾಯೆಯದ್ದು, ಚಿತ್ರದಲ್ಲಿ ಮಿಂಚುವುದಿಲ್ಲ. ಆದರೆ ಒಬ್ಬರು ಟ್ಯಾಂಕು ಕಟ್ಟಿ ಇಳಿದಾಗ ಇನ್ನೊಬ್ಬರು ಮುಖವಾಡ, ಉಸಿರು ಕೊಳವೆ ಹಾಕಿಕೊಂಡು ಮೇಲಿಂದಲೇ ಅದೇ ದಿಬ್ಬವನ್ನು ನೋಡಬಹುದು. ಒಂದೇ ಬೆಳಗನ್ನು ಇಬ್ಬರೂ ನೋಡಿ ಬಂದು ತಿಂಡಿಯ ಹೊತ್ತಿಗೆ ಅದೇ ಮೀನಿನ ಬಗ್ಗೆ ಮಾತಾಡುವುದು ಸಣ್ಣ ಸಂಗತಿಯಲ್ಲ.

ಕಲಿಯುವ ಮನಸ್ಸಿದ್ದರೆ ಇನ್ನೊಂದು ಉಪಾಯ ಉಂಟು. ಪಾಠ ಮತ್ತು ಈಜುಕೊಳದ ಅಭ್ಯಾಸವನ್ನು ಊರಲ್ಲೇ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಅಲ್ಲಿ ಮಾಡಿ ಕಾರ್ಡ್ ಪಡೆಯಬಹುದು. ಹನಿಮೂನಿನ ಅರ್ಧ ದಿನಗಳನ್ನು ತರಗತಿಯಲ್ಲಿ ಕೂತು ಕಳೆಯುವುದು ತಪ್ಪುತ್ತದೆ. ಹೊಸ ಜೋಡಿಗಳಿಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಮಾತೂ ಇದೆ. ಗರ್ಭಿಣಿಯರು ಡೈವ್ ಮಾಡಬಾರದು, ಗರ್ಭ ನಿಂತಿರಬಹುದು ಎಂಬ ಅನುಮಾನವಿದ್ದರೂ ಇಳಿಯಬಾರದು. ಮಗುವಿನ ಯೋಚನೆ ಇರುವವರು ಟಿಕೆಟ್ ಕೊಳ್ಳುವ ಮುಂಚೆ ವೈದ್ಯರನ್ನು ಕಂಡು ಮಾತಾಡುವುದು ಒಳ್ಳೆಯದು.

ಕೊಜುಮೆಲ್‌ನ ಸೊಗಸು ಬೇರೆ ಬಗೆಯದು. ಮೆಕ್ಸಿಕೊದ ಈ ದ್ವೀಪದ ಅಂಚಿನಲ್ಲಿ ಪ್ರವಾಹ ಜೋರು. ಪಲಂಕಾರ್, ಸಾಂತಾ ರೋಸಾ ಗೋಡೆಗಳ ಪಕ್ಕದಲ್ಲಿ ಕಾಲು ಬಡಿಯದೆ ತೇಲಿಕೊಂಡು ಹೋಗುತ್ತಿದ್ದರೆ ದೋಣಿ ಮೇಲಿನಿಂದ ಹಿಂಬಾಲಿಸಿ ಬಂದು ಎತ್ತಿಕೊಳ್ಳುತ್ತದೆ. ಮಾರ್ಗದರ್ಶಿ ಕಡ್ಡಾಯ. ಸಾನ್ ಮಿಗೆಲ್ ಪಟ್ಟಣದಲ್ಲಿ ಉಳಿದರೆ ಕಡಿಮೆ ಖರ್ಚು, ಸಂಜೆ ಚೌಕದಲ್ಲಿ ಸಂಗೀತ, ಬೀದಿ ಬದಿಯ ತಿನಿಸು, ಆದರೆ ಪಲಂಕಾರ್ ತಲುಪಲು ದೋಣಿಯಲ್ಲಿ ಬಹಳ ಹೊತ್ತು. ದಕ್ಷಿಣದ ಹೋಟೆಲುಗಳಿಂದ ಹವಳ ಹತ್ತಿರ, ಊರು ದೂರ. ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದರೆ ಬಂದರು ಮುಚ್ಚಿ ದೋಣಿಗಳು ನಿಲ್ಲುತ್ತವೆ. ಆ ದಿನಕ್ಕೆ ಪಟ್ಟಣವೇ ವಾಸಿ, ಹಾಗಾಗಿ ನನ್ನ ಒಲವು ಪಟ್ಟಣದ ಕಡೆ. ಅಮೆರಿಕದ ವೀಸಾ ಚಾಲ್ತಿಯಲ್ಲಿರುವ ಭಾರತೀಯರಿಗೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಬೇಡ ಎಂಬುದೂ ಅದರ ಪರವಾಗಿದೆ. ಬೊನೇರ್ ನೆದರ್ಲೆಂಡ್ಸಿಗೆ ಸೇರಿದ್ದರೂ ಷೆಂಗೆನ್ ವಲಯದೊಳಗಿಲ್ಲ. ರಾಯಭಾರ ಕಚೇರಿಯ ನಿಯಮ ಓದದೆ ಅಲ್ಲಿಗೆ ಟಿಕೆಟ್ ತೆಗೆಯಬಾರದು.

ಜನರಿಂದಲೇ ದೂರ ಇರಬೇಕು ಎನ್ನುವವರಿಗೆ ಲಿಟಲ್ ಕೇಮನ್. ಇನ್ನೂರು ಜನರೂ ಇಲ್ಲದ ದ್ವೀಪ, ಪುಟ್ಟ ವಿಮಾನ, ಸೈಕಲ್ಲು. ಅಲ್ಲಿಯ ಬ್ಲಡಿ ಬೇ ಗೋಡೆ ಸುಮಾರು ಆರೇ ಮೀಟರ್ ಆಳದಲ್ಲಿ ಶುರುವಾಗಿ ಪಾತಾಳಕ್ಕೆ ಇಳಿಯುತ್ತದೆ. ಹೊಸ ಡೈವರ್ ಕೂಡ ಅದರ ಅಂಚಿನಲ್ಲಿ ನಿಂತು ಆ ನೀಲಿಯನ್ನು ನೋಡಬಹುದು. ಊಟವೆಲ್ಲ ಹೋಟೆಲಿನಲ್ಲೇ, ಆದ್ದರಿಂದ ಸಸ್ಯಾಹಾರದ ವಿಷಯ ಮುಂಚೆಯೇ ಬರೆದು ತಿಳಿಸಬೇಕು. ಸಾಬಾ ಸುಮಾರು 13 ಚದರ ಕಿಲೋಮೀಟರಿನ ಒಂದು ಬೆಟ್ಟ. ಹೇಳಿಕೊಳ್ಳುವಂಥ ಕಡಲತೀರ ಇಲ್ಲ, ಮನೆಗಳೆಲ್ಲ ಎತ್ತರದಲ್ಲಿ ಮೋಡದ ನಡುವೆ. ಮಲೆನಾಡಿನವರಿಗೆ ಇಷ್ಟವಾಗುವ ಜಾಗ. ಡೈವ್ ಮಾಡಿದ ದಿನ ಶಿಖರ ಹತ್ತುವಂತಿಲ್ಲ ಎಂಬುದು ನೆನಪಿರಲಿ, ರಕ್ತದಲ್ಲಿ ಕರಗಿದ ಸಾರಜನಕಕ್ಕೆ ಎತ್ತರ ಆಗದು.

ಬೆಲೀಜ್‌ನ ಬ್ಲೂ ಹೋಲ್ ಬಗ್ಗೆ ಒಂದು ಮಾತು. 300 ಮೀಟರ್ ಅಗಲದ ಆ ವೃತ್ತದ ಚಿತ್ರಕ್ಕೆ ಮರುಳಾಗಿ ಸಾನ್ ಪೆಡ್ರೊದಲ್ಲಿ ಕೋಣೆ ಹಿಡಿಯುವವರು ಬಹಳ. ಚಿತ್ರ ತೆಗೆದದ್ದು ವಿಮಾನದಿಂದ. ಸಾನ್ ಪೆಡ್ರೊದಿಂದ ಅಲ್ಲಿಗೆ ತೆರೆದ ಕಡಲಿನಲ್ಲಿ ಎರಡು ಗಂಟೆಗೂ ಮೇಲೆ. ಒಳಗೆ 40 ಮೀಟರ್ ಆಳದಲ್ಲಿ ಸುಣ್ಣಕಲ್ಲಿನ ತೂಗುಗಂಬಗಳನ್ನು ಕೆಲವೇ ನಿಮಿಷ ಕತ್ತಲಲ್ಲಿ ನೋಡಿ ಮೇಲೆ ಬರಬೇಕು. ಹೊಸಬರಿಗೆ ಅದು ತಕ್ಕದ್ದಲ್ಲ. ಅದಕ್ಕಿಂತ ದಕ್ಷಿಣದ ಪ್ಲಾಸೆನ್ಸಿಯಾದಲ್ಲಿ ಉಳಿದು, ಮಾರ್ಚ್‌ನಿಂದ ಜೂನ್‌ವರೆಗಿನ ಹುಣ್ಣಿಮೆಗಳ ಆಸುಪಾಸಿನಲ್ಲಿ ಗ್ಲ್ಯಾಡನ್ ಸ್ಪಿಟ್‌ಗೆ ಹೋದರೆ, ಸ್ನ್ಯಾಪರ್ ಮೀನುಗಳು ಇಡುವ ಮೊಟ್ಟೆಗಳನ್ನು ತಿನ್ನಲು ಬರುವ ತಿಮಿಂಗಿಲ ಶಾರ್ಕ್ ಕಾಣುವ ಅವಕಾಶವಿದೆ. ವೈಶಾಖದ ಮದುವೆಯವರಿಗೆ ಇದು ಸರಿಯಾಗಿ ಹೊಂದುತ್ತದೆ.

ಈ ಸಮುದ್ರ ನೋವಿನಲ್ಲಿದೆ ಎಂಬುದನ್ನು ಮುಚ್ಚಿಡಲಾರೆ. 1983ರಿಂದ ಎರಡು ವರ್ಷಗಳಲ್ಲಿ ಪಾಚಿ ಮೇಯುತ್ತಿದ್ದ ಕಪ್ಪು ಮುಳ್ಳಿನ ಕಡಲ ಜೀವಿಗಳು ರೋಗದಿಂದ ನಾಶವಾಗಿ ಹವಳದ ಮೇಲೆ ಪಾಚಿ ಹಬ್ಬಿತು. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಹವಳದ ಮಾಂಸ ಕರಗಿಸುವ ರೋಗ 2018ರಲ್ಲಿ ಮೆಕ್ಸಿಕೊದ ದಂಡೆಗೆ, 2023ರಲ್ಲಿ ಬೊನೇರ್‌ಗೆ ಬಂತು. ಅದೇ ವರ್ಷ ನೀರು ಕಾದು ಹವಳ ಬಿಳಿಚಿತು. ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ ಲಯನ್‌ಫಿಶ್ ಅಲ್ಲಿ ಶತ್ರುಗಳಿಲ್ಲದೆ ಬೆಳೆದು ಮರಿಮೀನುಗಳನ್ನು ನುಂಗುತ್ತಿದೆ. ಅಂಡಮಾನಿನಲ್ಲಿ ಅದನ್ನು ಕಂಡು ಹಿಗ್ಗಿದವರು ಬೊನೇರ್‌ನಲ್ಲಿ ಸ್ವಯಂಸೇವಕರು ಅದನ್ನೇ ಬೇಟೆಯಾಡುವುದನ್ನು ನೋಡುತ್ತಾರೆ. ಈ ಹವಳದ ಉಳಿವಿಗಾಗಿ ಹೋಟೆಲಿಗೆ ದುಡ್ಡು ಕಟ್ಟುವ ಮುಂಚೆ ಕೇಳಿ: ನಿಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ದೋಣಿ ಲಂಗರು ಹಾಕುತ್ತದೆಯೋ, ತೇಲುಬುರುಡೆಗೆ ಕಟ್ಟುತ್ತದೆಯೋ? ಬಾಡಿಗೆ ಸಾಮಗ್ರಿಯನ್ನು ಡೈವ್‌ಗಳ ನಡುವೆ ಸೋಂಕು ತೆಗೆದು ತೊಳೆಯುತ್ತೀರಾ? ನಿಮ್ಮ ಸುರಕ್ಷತೆಗಾಗಿ ಇನ್ನೊಂದು ಪ್ರಶ್ನೆ: ಡೈವರ್‌ಗಳ ಒತ್ತಡ ಚಿಕಿತ್ಸೆಯ ಕೋಣೆ ಹತ್ತಿರದಲ್ಲಿ ಎಲ್ಲಿದೆ? ಬೊನೇರ್, ಕೊಜುಮೆಲ್, ಗ್ರಾಂಡ್ ಕೇಮನ್, ರೊಆಟಾನ್‌ಗಳಲ್ಲಿ ಅದು ದ್ವೀಪದಲ್ಲೇ ಇದೆ. ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡದ ಜಾಗವನ್ನು, ಕೋಣೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಕೊನೆಯ ದಿನದ ಲೆಕ್ಕ ಈಗಲೇ ಹಾಕಿಕೊಳ್ಳಬೇಕು. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ನೀರಿನಿಂದ ಹೊರಗಿರಬೇಕು ಎಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. 24 ಗಂಟೆ ಇಟ್ಟುಕೊಂಡರೆ ನಿಶ್ಚಿಂತೆ. ಭಾನುವಾರ ಮಧ್ಯಾಹ್ನ ವಿಮಾನವಾದರೆ ಶನಿವಾರ ಬೆಳಿಗ್ಗೆಯದೇ ಕೊನೆಯ ಡೈವ್. ಉಳಿದ ಹಗಲಿಗೆ ದಡದ ಮೇಲೆ ಏನಿದೆ ಎಂದು ನೋಡಿಯೇ ಜಾಗ ಆರಿಸಿ. ಬೊನೇರ್‌ನಲ್ಲಾದರೆ ಪೂರ್ವದ ಲಾಕ್ ಕೊಲ್ಲಿಯ ಮ್ಯಾಂಗ್ರೋವ್ ಕಾಡಿನಲ್ಲಿ ಕಯಾಕ್ ಇದೆ, ದಕ್ಷಿಣದ ಉಪ್ಪಿನ ಗದ್ದೆಗಳ ಬಳಿ ಫ್ಲೆಮಿಂಗೊ ಹಕ್ಕಿಗಳಿವೆ, ಗುಲಾಮರು ಮಲಗುತ್ತಿದ್ದ ಗುಬ್ಬಚ್ಚಿ ಗೂಡಿನಂಥ ಕಲ್ಲಿನ ಗುಡಿಸಲುಗಳಿವೆ. ಉತ್ತರದ ವಾಷಿಂಗ್ಟನ್ ಸ್ಲಾಗ್‌ಬಾಯ್ ಉದ್ಯಾನಕ್ಕೆ ಹೋಗುವುದಾದರೆ ಶನಿವಾರ ಡೈವ್ ಬಿಟ್ಟು ಬೆಳಿಗ್ಗೆಯೇ ಹೊರಡಿ. ಅಲ್ಲಿಯ ರಸ್ತೆ ಒರಟು, ಮಧ್ಯಾಹ್ನದ ಬಿಸಿಲು ಕಡು, ನೆರಳು ಕಡಿಮೆ.